ಪ್ರೈರಿ ಡಾಗ್‌ಗೆ ಮೂರು ವೈಲ್ಡ್‌ಕ್ಯಾಟ್ ತೋಟಾ: ನಳಿಗೆ ಕೊರೆಸುವ ಮುಂಚಿನ ಲೆಕ್ಕ

ಅಂಗಡಿಯಲ್ಲಿ ಸಿಗುವ ತೋಟಾದ ಹಿತ್ತಾಳೆ ಕೇಸನ್ನೇ ಹಿಸುಕಿಯೋ ಹಿಗ್ಗಿಸಿಯೋ ಮಾಡಿಕೊಳ್ಳುವ ಹೊಸ ತೋಟಾಕ್ಕೆ ವೈಲ್ಡ್‌ಕ್ಯಾಟ್ ಎಂದು ಹೆಸರು. .22-250 ಕೂಡ 1965ರಲ್ಲಿ ರೆಮಿಂಗ್ಟನ್ ಅದನ್ನು ತನ್ನದಾಗಿಸಿಕೊಳ್ಳುವವರೆಗೆ ವೈಲ್ಡ್‌ಕ್ಯಾಟೇ. ಇಲ್ಲಿ ಹೋಲಿಸುತ್ತಿರುವುದು ಸೌತ್ ಡಕೋಟಾ, ವಯೋಮಿಂಗ್ ಕಡೆಯ ಹುಲ್ಲುಗಾವಲಿನಲ್ಲಿ ಬಿಲ ತೋಡಿ ಗುಂಪಾಗಿ ಬದುಕುವ, ಅಳಿಲಿನ ಕುಲದ ಪ್ರೈರಿ ಡಾಗ್ ಬೇಟೆಗೆ ಹೊಂದುವ ಮೂರನ್ನು: .20 ಪ್ರಾಕ್ಟಿಕಲ್, .22-250 ಆಕ್ಲಿ (ಕೇಸಿನ ಮೇಲ್ಭಾಗ ಹಿಗ್ಗಿಸಿದ .22-250), 6ಎಂಎಂ-284 (.284ರ ಕೇಸನ್ನು 6ಎಂಎಂ ಗುಂಡಿಗೆ ಕಿರಿದು ಮಾಡಿದ್ದು). (ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಇರುವಾಗ ಇದು ಓದಿಗಷ್ಟೇ. ಅಮೆರಿಕದಲ್ಲೂ ಯೂಟಾ ಪ್ರೈರಿ ಡಾಗ್ ಸಂರಕ್ಷಿತ ಪ್ರಾಣಿ. ಯಾವ ಜಾತಿ, ಯಾರ ಜಮೀನು ಎಂದು ನೋಡಿಕೊಂಡೇ ಹೊರಡಬೇಕು.)

ಹೆಚ್ಚಿನವರು ವೇಗ ನೋಡಿ ಆರಿಸುತ್ತಾರೆ. ನೋಡಬೇಕಾದ್ದು ಗಾಳಿ ಮತ್ತು ದಿನಕ್ಕೆ ಎಷ್ಟು ಗುಂಡು ಎಂಬುದು. ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ 400 ಗಜಕ್ಕೆ ಲೆಕ್ಕ ಹಾಕಿದರೆ, .20 ಪ್ರಾಕ್ಟಿಕಲ್‌ನ 40 ಗ್ರೇನ್ (ತೂಕದ ಅಳತೆ) ಗುಂಡು, ಸೆಕೆಂಡಿಗೆ 3,700 ಅಡಿ ವೇಗದಲ್ಲಿ ಹೊರಟರೂ, ಸುಮಾರು 15 ಇಂಚು ಪಕ್ಕಕ್ಕೆ ಸರಿಯುತ್ತದೆ. ಆಕ್ಲಿಯ 80 ಗ್ರೇನ್ ಗುಂಡು 3,250ರಲ್ಲಿ ಹೊರಟು ಸುಮಾರು 9 ಇಂಚು. 6ಎಂಎಂ-284ರ 105 ಗ್ರೇನ್ ಗುಂಡು 3,200ರಲ್ಲಿ ಎಂಟೂವರೆ. ಮೊದಲ ಎರಡರ ನಡುವೆ ಅಜಗಜಾಂತರ, ಕೊನೆಯ ಎರಡರ ನಡುವೆ ಅರ್ಧ ಇಂಚಿನ ಮಾತು. 600 ಗಜಕ್ಕೆ ಹೋದರೂ ಆ ಕೊನೆಯ ಅಂತರ ಎರಡು ಇಂಚು ಮೀರುವುದಿಲ್ಲ.

ಆ ಎರಡು ಇಂಚಿಗೆ ಬೆಲೆ ಎಷ್ಟು? ಒಂದು ಪೌಂಡ್ ಮದ್ದು ಎಂದರೆ 7,000 ಗ್ರೇನ್. ತೋಟಾಕ್ಕೆ 27 ಗ್ರೇನ್ ಹಿಡಿದರೆ .20 ಪ್ರಾಕ್ಟಿಕಲ್‌ಗೆ ಸುಮಾರು 260 ತೋಟಾ ಆಗುತ್ತವೆ, 40 ಹಿಡಿದರೆ ಆಕ್ಲಿಗೆ 175, 53 ಹಿಡಿದರೆ 6ಎಂಎಂ-284ಕ್ಕೆ 132. ಇದು ಖರ್ಚಿನ ಲೆಕ್ಕ ಮಾತ್ರ, ತುಂಬುವ ಅಳತೆಯಲ್ಲ. ಅಳತೆಯನ್ನು ಮದ್ದಿನ ತಯಾರಕರ ಕೋಷ್ಟಕ ನೋಡಿ ಕೆಳಗಿನಿಂದ ಏರಿಸುತ್ತ ಬರಬೇಕು. ನಳಿಗೆಯ ಗಂಟಲು (ಗುಂಡು ಮೊದಲು ಹೊಗುವ ಜಾಗ) ಸುಡುವುದೂ ಇದೇ ಕ್ರಮದಲ್ಲಿ. 6ಎಂಎಂ-284 ಸಾವಿರ ಗುಂಡಿನ ಆಸುಪಾಸಿನಲ್ಲೇ ದಣಿಯುತ್ತದೆ; ದಿನಕ್ಕೆ ಮುನ್ನೂರು ಹೊಡೆಯುವವನಿಗೆ ಅದು ಮೂರು ದಿನದ ನಳಿಗೆ. ಅದನ್ನು ಕಾದು ಕೂತು ಹತ್ತೇ ಗುಂಡು ಹಾರಿಸುವವರಿಗೆ ಬಿಡುವುದು ಮೇಲು.

.20 ಪ್ರಾಕ್ಟಿಕಲ್‌ನ ಸುಖ ಅದರ ಸರಳತೆಯಲ್ಲಿದೆ. .223ರ ಕೇಸು ತೆಗೆದುಕೊಂಡು ಕತ್ತನ್ನು (ಗುಂಡು ಹಿಡಿಯುವ ಬಾಯಿ) .20ಕ್ಕೆ ಕಿರಿದು ಮಾಡಿದರೆ ಮುಗಿಯಿತು. ಕತ್ತಿನ ಕೆಳಗಿನ ಇಳಿಜಾರಾದ ಭುಜ ಮುಟ್ಟುವ ಕೆಲಸವಿಲ್ಲ, .223ರ ಬುಶಿಂಗ್ ಡೈ (ಉಂಗುರ ಬದಲಿಸಿ ಕತ್ತು ಹಿಸುಕುವ ಅಚ್ಚು) ಸಾಕು. ಒಂದೇ ಏಟಿಗೆ ಹಿಸುಕಬೇಡಿ, ಕತ್ತು ಸೊಟ್ಟಗಾಗುತ್ತದೆ. ನಡುವಿನ ಅಳತೆಯ ಒಂದು ಬುಶಿಂಗ್‌ನಿಂದ ಮೊದಲು ಇಳಿಸಿ, ಆಮೇಲೆ ಕೊನೆಯದಕ್ಕೆ ಹೋಗಿ. ಹಿಸುಕಿದಾಗ ಕತ್ತಿನ ಗೋಡೆ ದಪ್ಪಗಾಗುತ್ತದೆ. ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಕೋಣೆ) ಕತ್ತು .233 ಇಂಚು ಇದ್ದರೆ ತುಂಬಿದ ತೋಟಾದ ಕತ್ತು .230 ದಾಟಬಾರದು, ಆ ಸಂದು ಇಲ್ಲದಿದ್ದರೆ ಕೇಸು ಗುಂಡನ್ನು ಬಿಡದೆ ಒತ್ತಡ ಒಮ್ಮೆಗೇ ಏರುತ್ತದೆ. ಸಣ್ಣ ಬಾಯಿಯಲ್ಲಿ ಉದ್ದ ಕಡ್ಡಿಯಂಥ ಮದ್ದು ಸಿಕ್ಕಿಕೊಳ್ಳುತ್ತದೆ, ಉರುಟು ಮದ್ದು ಸಲೀಸಾಗಿ ಇಳಿಯುತ್ತದೆ. ಒದೆತ ಎಷ್ಟು ಕಡಿಮೆಯೆಂದರೆ ಗುಂಡು ಬಿದ್ದ ಜಾಗ ನಿಮ್ಮ ಸ್ಕೋಪಿನಲ್ಲೇ ಕಾಣುತ್ತದೆ. ಕಾರ್ಖಾನೆಯ .204 ರುಗರ್ ಇದೇ ಕೆಲಸ ಮಾಡುವುದಿಲ್ಲವೇ ಎಂದರೆ, ಮಾಡುತ್ತದೆ. ಆದರೆ .223ರ ಕೇಸು ಸಿಗುವಷ್ಟು ಅಗ್ಗವಾಗಿ ಅದರದು ಸಿಗುವುದಿಲ್ಲ.

ಆಕ್ಲಿಯಲ್ಲಿ ಎಡವುವುದು ಚೇಂಬರಿನಲ್ಲಿ ತೋಟಾ ಕೂರುವ ಉದ್ದದಲ್ಲಿ, ಅಂದರೆ ಹೆಡ್‌ಸ್ಪೇಸ್‌ನಲ್ಲಿ. ಸರಿಯಾಗಿ ಕೊರೆದ ಚೇಂಬರು ಮೂಲ .22-250ರ ಗೋ-ಗೇಜಿಗಿಂತ (ಆ ಉದ್ದ ಅಳೆಯುವ ಸಾಧನ) .004 ಇಂಚು ಗಿಡ್ಡವಿರಬೇಕು. ಆಗ ಸಾದಾ ತೋಟಾ ಕತ್ತು-ಭುಜ ಕೂಡುವಲ್ಲಿ ಬಿಗಿಯಾಗಿ ಕೂರುತ್ತದೆ, ಹಾರಿಸಿದಾಗ ಕೇಸು ಹಿಗ್ಗಿ 40 ಡಿಗ್ರಿಯ ಹೊಸ ಭುಜ ಪಡೆಯುತ್ತದೆ. ಹಳೆಯ ನಳಿಗೆಯನ್ನು ಒಂದು ಥ್ರೆಡ್‌ನಷ್ಟು ಹಿಂದಕ್ಕೆ ಕೂರಿಸದೆ ರೀಮರ್ (ಚೇಂಬರು ಕೊರೆಯುವ ಉಪಕರಣ) ಆಡಿಸಿಬಿಟ್ಟರೆ ಈ ಬಿಗಿ ಇರುವುದಿಲ್ಲ, ಕೇಸು ತಳದ ಹತ್ತಿರ ಹಿಗ್ಗಿ ತೆಳುವಾಗುತ್ತದೆ. ಗುರುತು: ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ. ಪೇಪರ್‌ಕ್ಲಿಪ್ಪಿನ ತುದಿ ಬಗ್ಗಿಸಿ ಕೇಸಿನೊಳಗೆ ಬಿಟ್ಟು, ಗೋಡೆಗೆ ಒತ್ತಿ ಮೇಲಕ್ಕೆ ಎಳೆಯಿರಿ. ಅಲ್ಲಿ ಗುಂಡಿ ತಗುಲಿದರೆ ಆ ಕೇಸನ್ನು ಎಸೆಯಿರಿ, ರೈಫಲನ್ನು ಗನ್‌ಸ್ಮಿತ್ ಬಳಿಗೆ ಕಳಿಸಿ.

ಕೇಸು ಹಿಗ್ಗಿಸಲು ಹಾರಿಸುವ ಈ ಗುಂಡುಗಳನ್ನು ಮಣ್ಣಿನ ದಿಬ್ಬಕ್ಕೆ ಹೊಡೆದು ದಂಡ ಮಾಡುವುದೇಕೆ? ಇನ್ನೂರು ಗಜದೊಳಗಿನ ಬೇಟೆಗೆ ಅವುಗಳ ಗುರಿ ಧಾರಾಳ ಸಾಕು. ಸಾದಾ .22-250ಗಿಂತ ಆಕ್ಲಿಯ ಲಾಭ ಸೆಕೆಂಡಿಗೆ ನೂರು ಅಡಿಯ ಆಸುಪಾಸು, ಜೊತೆಗೆ ಕೇಸು ಕಡಿಮೆ ಉದ್ದವಾಗುವುದರಿಂದ ಕತ್ತರಿಸುವ ಕೆಲಸ ಅಪರೂಪ.

ಟ್ವಿಸ್ಟ್ (ನಳಿಗೆಯೊಳಗಿನ ಗೀರು ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ ಎಂಬುದು) ವಿಷಯದಲ್ಲಿ ಎರಡು ದೋಣಿಯ ಮೇಲೆ ಕಾಲಿಡಬೇಡಿ. .22-250ಗಳ ಮಾಮೂಲಿ 14 ಇಂಚಿನ ಸುತ್ತಿನಲ್ಲಿ 80 ಗ್ರೇನ್ ಗುಂಡು ಅಡ್ಡಡ್ಡ ತಿರುಗಿ ಕಾಗದದಲ್ಲಿ ಕೀಲಿಕೈ ತೂತು ಮಾಡುತ್ತದೆ, ಅದಕ್ಕೆ 8 ಇಂಚು ಬೇಕು. 8 ಇಂಚಿನ ನಳಿಗೆಯಲ್ಲಿ ತೆಳು ಕವಚದ 55 ಗ್ರೇನ್ ಗುಂಡನ್ನು 3,800ರಲ್ಲಿ ಬಿಟ್ಟರೆ? ವೇಗವನ್ನು 720ರಿಂದ ಗುಣಿಸಿ 8ರಿಂದ ಭಾಗಿಸಿ: ನಿಮಿಷಕ್ಕೆ 3,42,000 ಸುತ್ತು. ಗುಂಡು ಸಿಡಿದು ಅರ್ಧ ದಾರಿಯಲ್ಲಿ ಬೂದು ಹೊಗೆಯ ಚುಕ್ಕೆ ಕಾಣುತ್ತದೆ, ಗುರಿಯಲ್ಲಿ ಏನೂ ಇರುವುದಿಲ್ಲ.

ಹಾಗಾಗಿ 300 ಗಜದೊಳಗೆ ಗುಂಪು ಗುಂಪಾಗಿ ಸಿಗುವ ಕಡೆ .20 ಪ್ರಾಕ್ಟಿಕಲ್, ಅದರಾಚೆಗೆ 8 ಇಂಚಿನ ಆಕ್ಲಿ. ಹೊಸದಾಗಿ ನಳಿಗೆ ಮಾಡಿಸುವವರು ಆಕ್ಲಿಗೆ ಮುಂಗಡ ಕೊಡುವ ಮೊದಲು .22 ಕ್ರೀಡ್‌ಮೂರ್ ನೋಡಲಿ. ನಿನ್ನೆ ಮೊನ್ನೆಯವರೆಗೆ ಅದೂ ವೈಲ್ಡ್‌ಕ್ಯಾಟ್, 2024ರಲ್ಲಿ ಅಧಿಕೃತ ತೋಟಾ ಆಯಿತು. ಹಿಗ್ಗಿಸುವ ರಗಳೆಯೇ ಇಲ್ಲ.

ಒಂದು ಮಾತ್ರ ಮರೆಯಬೇಡಿ: .20 ಪ್ರಾಕ್ಟಿಕಲ್ ಕೇಸಿನ ತಳದಲ್ಲಿ ಈಗಲೂ .223 ಎಂದೇ ಕೆತ್ತಿರುತ್ತದೆ. ಡಬ್ಬಿಯ ಮುಚ್ಚಳಕ್ಕೂ ಒಳಗಿನ ತಟ್ಟೆಗೂ ಬೇರೆ ಬೇರೆಯಾಗಿ ಚೀಟಿ ಅಂಟಿಸಿ, ಮುಚ್ಚಳಗಳು ಅದಲುಬದಲಾಗುತ್ತವೆ.