ಮಳೆಗಾಲದ ಕೊಡಗಿನಲ್ಲಿ ಫೋನ್ ನೆಟ್ ಲ್ಯಾಪ್‌ಟಾಪಿಗೆ: ಹಾಟ್‌ಸ್ಪಾಟ್, ಕೇಬಲ್, ಬ್ಲೂಟೂತ್

ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡಲು ಮೂರು ದಾರಿ ಇವೆ. ವೈಫೈ ಹಾಟ್‌ಸ್ಪಾಟ್, ಯುಎಸ್‌ಬಿ ಕೇಬಲ್, ಬ್ಲೂಟೂತ್. ಬೆಂಗಳೂರಿನಲ್ಲಿ ಇರುವವರು ಇದರ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಹಾಟ್‌ಸ್ಪಾಟ್ ಒತ್ತುತ್ತಾರೆ, ಕೆಲಸ ಮುಂದುವರಿಸುತ್ತಾರೆ. ಮಾದಾಪುರದ ಕಡೆ, ನಾಪೋಕ್ಲಿನ ಕಡೆ ತೋಟದೊಳಗಿನ ಮನೆಗಳಲ್ಲಿ ಕಥೆಯೇ ಬೇರೆ. ಸಿಗ್ನಲ್ ಸಿಗುವುದು ಮನೆಯ ಒಂದು ಮೂಲೆಯಲ್ಲಿ. ಕೂತು ಕೆಲಸ ಮಾಡುವ ಮೇಜು ಇನ್ನೊಂದು ಕಡೆ. ಜೂನ್ ಬಂದರೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬ್ರಾಡ್‌ಬ್ಯಾಂಡ್ ಇದ್ದವರದ್ದೂ ಅದರ ಜೊತೆ ಹೋಗುತ್ತದೆ. ಆಗ ಉಳಿಯುವುದು ಫೋನ್ ಒಂದೇ.

ನಮ್ಮ ಮನೆಯಲ್ಲಿ ಇಬ್ಬರು ಹೀಗೆ ಫೋನ್ ನೆಟ್ ನಂಬಿ ಕೆಲಸ ಮಾಡುತ್ತೇವೆ. ನಾನು ಕೆಲವು ತೋಟಗಳ ಲೆಕ್ಕಪತ್ರ ನೋಡುತ್ತೇನೆ. ಅಣ್ಣನ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅವಳಿಗೆ ದಿನವೂ ವಿಡಿಯೊ ಮೀಟಿಂಗ್. ನನಗೆ ಜಿಎಸ್‌ಟಿ, ಬ್ಯಾಂಕ್, ಮೇಲ್. ಫೋನ್‌ಗಳು ಆಂಡ್ರಾಯ್ಡ್, ಲ್ಯಾಪ್‌ಟಾಪ್‌ಗಳು ವಿಂಡೋಸ್. ಮೂರೂ ದಾರಿಗಳನ್ನು ಮಳೆಯಲ್ಲೂ ಬಿಸಿಲಲ್ಲೂ ಬಳಸಿ ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಮೊದಲು ಫೋನನ್ನು ಎಲ್ಲಿ ಇಡಬೇಕು ಅಂತ ಹುಡುಕಬೇಕು. ಯಾವ ದಾರಿ ಅನ್ನುವುದು ಆಮೇಲೆ ತಾನಾಗಿ ತೀರ್ಮಾನವಾಗುತ್ತದೆ.

ಜಾಗ ಹುಡುಕುವಾಗ ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಕಂಪನಿಯ ಫೋನ್ ಒಂದೊಂದು ರೀತಿ ಕಡ್ಡಿ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೋನ್ ಬಗ್ಗೆ ಇರುವ ಕಡೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಅದು ಯಾವಾಗಲೂ ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ -90ಕ್ಕಿಂತ ಮೇಲಿದ್ದರೆ ಆರಾಮ. -110 ದಾಟಿ ಕೆಳಗೆ ಹೋದರೆ ಕಷ್ಟ. ನಮ್ಮ ಮೇಜಿನ ಹತ್ತಿರ -116 ಇರುತ್ತದೆ. ಕಣದ ಕಡೆಯ ಕಿಟಕಿಗೆ ಹೋದರೆ ಅದೇ ಫೋನು -98 ತೋರಿಸುತ್ತದೆ. ನಡುವೆ ಇರುವುದು ಒಂದು ಕೋಣೆ ಮಾತ್ರ. ಆದರೆ ಗೋಡೆ ಹಳೇ ಕಾಲದ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಮೇಜಿನ ಕಡೆಯ ಮಾಡಿಗೆ ಜಿಂಕ್ ಶೀಟ್ ಬೇರೆ ಹಾಕಿದ್ದೇವೆ. ತಗಡಿನ ಕೆಳಗೆ ಸಿಗ್ನಲ್ ಸಾಯುತ್ತದೆ.

ಈ ವ್ಯತ್ಯಾಸ ಸ್ಪೀಡಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಸಿಗ್ನಲ್ ಕಡಿಮೆ ಇದ್ದ ಕಡೆ ಫೋನು ಟವರ್‌ಗೆ ತಲುಪಲು ಜಾಸ್ತಿ ಶಕ್ತಿ ಹಾಕಬೇಕಾಗುತ್ತದೆ. ತೋಟದ ಆಚೆ ಬದಿಯಲ್ಲಿ ಇರುವವರನ್ನು ಗಂಟಲು ಏರಿಸಿ ಕರೆದ ಹಾಗೆ. ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ, ಬಿಸಿಯಾದರೆ ಅದು ತನ್ನ ವೇಗವನ್ನೇ ತಗ್ಗಿಸಿಕೊಳ್ಳುತ್ತದೆ.

ಈಗ ಹಾಟ್‌ಸ್ಪಾಟ್. ಇದರ ದೊಡ್ಡ ಅನುಕೂಲ ಇರುವುದೇ ಇಲ್ಲಿ. ಫೋನನ್ನು ಕಿಟಕಿಯಲ್ಲಿ ಇಟ್ಟು ನೀವು ಒಳಗೆ ಕೂರಬಹುದು. ಇಬ್ಬರು ಮೂವರು ಒಟ್ಟಿಗೆ ಬಳಸಬಹುದು. ಆದರೆ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಆಯ್ಕೆ ಇರುತ್ತವೆ, ಅದನ್ನು ನೋಡಿಕೊಳ್ಳಿ. ಎಷ್ಟೋ ಜನ 5 ದೊಡ್ಡದು ಅಂತ ಅದನ್ನೇ ಇಡುತ್ತಾರೆ. ಅದು ವೇಗದ್ದು ಹೌದು, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. ನಮ್ಮ ಮಣ್ಣಿನ ಗೋಡೆಯ ಆಚೆ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಪದೇ ಪದೇ ಕಟ್ ಆಗುತ್ತಿತ್ತು. 2.4ಕ್ಕೆ ಬದಲಿಸಿದ ಮೇಲೆ ಕಟ್ ಆಗುವುದು ನಿಂತಿತು. ಟವರ್‌ನಿಂದಲೇ 8-10 ಎಂಬಿಪಿಎಸ್ ಬರುವ ಜಾಗದಲ್ಲಿ 5 ಗಿಗಾಹರ್ಟ್ಸ್‌ನ ವೇಗ ತಗೊಂಡು ಏನು ಮಾಡುವುದು, ಅಲ್ವಾ? ಐಫೋನ್ ಇದ್ದವರಿಗೆ ಈ ಆಯ್ಕೆ ಬೇರೆ ಹೆಸರಿನಲ್ಲಿದೆ. ಐಫೋನ್ 12 ಮತ್ತು ನಂತರದವುಗಳಲ್ಲಿ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿದರೆ 2.4ಕ್ಕೆ ಬರುತ್ತದೆ.

ಇನ್ನೊಂದು ಸಣ್ಣ ಸಂಗತಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಅದರಿಂದ ಹೊರಡುವ ರೇಡಿಯೊ ಗದ್ದಲ (ಕಿವಿಗೆ ಕೇಳುವ ಸದ್ದಲ್ಲ) 2.4 ಗಿಗಾಹರ್ಟ್ಸ್‌ಗೆ ತೊಂದರೆ ಕೊಡಬಹುದು. ಬ್ಯಾಕಪ್ ಮಾಡುವಾಗ ನೆಟ್ ಇದ್ದಕ್ಕಿದ್ದಂತೆ ನಿಧಾನವಾದರೆ ಡಿಸ್ಕನ್ನು ಸ್ವಲ್ಪ ದೂರ ಇಟ್ಟು ನೋಡಿ.

ಹಾಟ್‌ಸ್ಪಾಟಿನ ಕೊರತೆ ಬ್ಯಾಟರಿ. ಒಂದು ಕಡೆ ಟವರ್, ಇನ್ನೊಂದು ಕಡೆ ವೈಫೈ, ಎರಡೂ ರೇಡಿಯೊ ಒಟ್ಟಿಗೆ ಓಡುತ್ತವೆ. ಕರೆಂಟ್ ಇದ್ದಾಗ ಚಾರ್ಜರ್ ಹಾಕಿ ಇಟ್ಟರೆ ಸಾಕು. ಕರೆಂಟ್ ಇಲ್ಲದ ದಿನ ಅದೇ ದೊಡ್ಡ ತಲೆನೋವು. ಪವರ್ ಬ್ಯಾಂಕ್ ಇದ್ದರೆ ಕಿಟಕಿಯಲ್ಲೇ ಫೋನಿಗೆ ಸಿಕ್ಕಿಸಿ ಇಡಿ. ಜೊತೆಗೆ, ಯಾರೂ ಸೇರಿಕೊಂಡಿಲ್ಲ ಅಂದರೆ ಸ್ವಲ್ಪ ಹೊತ್ತಿಗೆ ಹಾಟ್‌ಸ್ಪಾಟ್ ತಾನೇ ಆಫ್ ಆಗುವ ಸೆಟ್ಟಿಂಗ್ ಹೆಚ್ಚಿನ ಫೋನ್‌ಗಳಲ್ಲಿ ಇರುತ್ತದೆ. ಊಟ ಮಾಡಿ ಬಂದು ಲ್ಯಾಪ್‌ಟಾಪ್ ತೆರೆದರೆ ನೆಟ್ ಇರುವುದಿಲ್ಲ. ಬೇಡವಾದರೆ ಅದನ್ನು ಆಫ್ ಮಾಡಿ.

ಕೇಬಲ್ ನನಗೆ ಅತಿ ಇಷ್ಟವಾದ ದಾರಿ. ಫೋನಿಗೂ ಲ್ಯಾಪ್‌ಟಾಪಿಗೂ ಕೇಬಲ್ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ (ಅಂದರೆ ನೆಟ್ ಹಂಚುವುದು) ಅನ್ನುವ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಆಯಿತು. ಪಾಸ್‌ವರ್ಡ್ ಇಲ್ಲ, ಹುಡುಕುವುದಿಲ್ಲ. ವಿಂಡೋಸ್ ಅದನ್ನು ಈಥರ್ನೆಟ್ ಅಂತ ತೋರಿಸುತ್ತದೆ. ಆ ಆಯ್ಕೆ ಮಂಕಾಗಿದ್ದು ಒತ್ತಲು ಬರುತ್ತಿಲ್ಲ ಅಂದರೆ ಹೆಚ್ಚಿನ ಸಲ ತಪ್ಪು ಕೇಬಲ್‌ನದ್ದು. ಬರೀ ಚಾರ್ಜ್ ಮಾಡುವ ಕೇಬಲ್‌ಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಅಂಗಡಿಗೆ ಹೋದಾಗ ‘ಡೇಟಾ ಕೇಬಲ್ ಕೊಡಿ’ ಅಂತಲೇ ಕೇಳಿ, ಅಲ್ಲೇ ಹಾಕಿ ನೋಡಿ ತಗೊಳ್ಳಿ. ಐಫೋನ್ ಆದರೆ ವಿಂಡೋಸ್‌ನಲ್ಲಿ ಆಪಲ್‌ನ ಡ್ರೈವರ್ ಬೇಕು, ಐಟ್ಯೂನ್ಸ್ ಹಾಕಿದರೆ ಅದೂ ಬರುತ್ತದೆ.

ಕೇಬಲ್‌ನಲ್ಲಿ ನನಗೆ ಕಂಡ ನಿಜವಾದ ಲಾಭ ಸ್ಪೀಡ್ ಅಲ್ಲ, ಸ್ಥಿರತೆ. ಸ್ಪೀಡ್ ಟೆಸ್ಟ್ ಮಾಡಿದರೆ ಹಾಟ್‌ಸ್ಪಾಟಿಗೂ ಕೇಬಲ್‌ಗೂ ಹೆಚ್ಚುಕಡಿಮೆ ಒಂದೇ ಬರುತ್ತದೆ, ಯಾಕೆಂದರೆ ಇಕ್ಕಟ್ಟು ಇರುವುದು ಟವರ್‌ನ ಕಡೆ. ಹಳೇ ಯುಎಸ್‌ಬಿ 2.0 ಕೂಡ ಲೆಕ್ಕದಲ್ಲಿ 480 ಎಂಬಿಪಿಎಸ್ ತಡೆದುಕೊಳ್ಳುತ್ತದೆ. ವ್ಯತ್ಯಾಸ ಗೊತ್ತಾಗುವುದು ಮೀಟಿಂಗ್‌ನಲ್ಲಿ. ಹಾಟ್‌ಸ್ಪಾಟ್ ಇದ್ದಾಗ ಅಣ್ಣನ ಮಗಳ ಧ್ವನಿ ನಡುನಡುವೆ ತುಂಡಾಗುತ್ತಿತ್ತು. ‘ಚಿಕ್ಕಪ್ಪ, ನಾನು ಮಾತಾಡೋದು ಅವ್ರಿಗೆ ಅರ್ಧರ್ಧ ಕೇಳ್ತಿದೆ’ ಅಂತ ಬಂದು ಹೇಳುತ್ತಿದ್ದಳು. ಕೇಬಲ್ ಹಾಕಿದ ಮೇಲೆ ಆ ದೂರು ನಿಂತಿದೆ.

ಆದರೆ ಕೇಬಲ್ ಹಾಕಿದರೆ ಫೋನ್ ಮೇಜಿಗೆ ಬರಬೇಕಲ್ಲ, ಮೇಜಿನ ಹತ್ತಿರ ಸಿಗ್ನಲ್ ಇಲ್ಲವಲ್ಲ? ಅದಕ್ಕೆ ಎರಡು ಪರಿಹಾರ. ಒಂದು, ಮೇಜನ್ನೇ ಕಿಟಕಿಗೆ ತರುವುದು. ಇನ್ನೊಂದು, ಉದ್ದದ ಕೇಬಲ್. ಯುಎಸ್‌ಬಿ 2.0 ಕೇಬಲ್ ಐದು ಮೀಟರ್‌ವರೆಗೆ ಕೆಲಸ ಮಾಡುತ್ತದೆ. ನಾವು ಮೂರು ಮೀಟರ್‌ನದ್ದು ತಂದು ಬಾಗಿಲಿನ ಮೂಲಕ ಎಳೆದಿದ್ದೇವೆ. ಕೇಬಲ್ ತೆಳ್ಳಗಿದ್ದರೆ ಉದ್ದವಾದಷ್ಟೂ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ, ಅದಕ್ಕೇ ದಪ್ಪದ್ದೇ ತಗೊಳ್ಳಿ. ಕಿಟಕಿಯ ಅಂಚಿನಲ್ಲಿ ಇಡುವಾಗ ಎರಚಲು ಬೀಳದ ಹಾಗೆ ನೋಡಿಕೊಳ್ಳಿ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಗಾಳಿಯ ಜೊತೆ ಬರುವ ನೀರು ಎಲ್ಲಿಂದ ನುಗ್ಗುತ್ತದೆ ಅಂತ ಹೇಳುವ ಹಾಗಿಲ್ಲ. ಚಾರ್ಜಿಂಗ್ ತೂತಿಗೆ ತೇವ ಸೇರಿದರೆ ಫೋನ್ ಕೆಡಬಹುದು.

ಕರೆಂಟ್ ಹೋದಾಗ ಕೇಬಲ್ ಇನ್ನೊಂದು ಲೆಕ್ಕ ತಂದಿಡುತ್ತದೆ. ಕೇಬಲ್ ಹಾಕಿದರೆ ಫೋನು ಲ್ಯಾಪ್‌ಟಾಪ್‌ನಿಂದ ಚಾರ್ಜ್ ಆಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಆ ಶಕ್ತಿ ಬರುವುದು ಲ್ಯಾಪ್‌ಟಾಪಿನ ಬ್ಯಾಟರಿಯಿಂದ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ 500 ಮಿಲಿ ಆಂಪಿಯರ್ ಕೊಡುತ್ತದೆ, ಅಂದರೆ ಎರಡೂವರೆ ವ್ಯಾಟ್. ಯುಎಸ್‌ಬಿ 3.0 ಆದರೆ 900, ಅಂದರೆ ನಾಲ್ಕೂವರೆ ವ್ಯಾಟ್. ಲೆಕ್ಕಪತ್ರದ ಕೆಲಸ ಮಾಡುವ ಲ್ಯಾಪ್‌ಟಾಪ್ ತಾನೇ ಹತ್ತು ವ್ಯಾಟ್ ಆಸುಪಾಸು ತಿನ್ನುತ್ತದೆ. ಅದರ ಮೇಲೆ ಇದು. 5000 ಎಂಎಎಚ್ ಬ್ಯಾಟರಿಯ ಫೋನಿನಲ್ಲಿ ಸುಮಾರು 19 ವ್ಯಾಟ್-ಅವರ್ ಹಿಡಿಯುತ್ತದೆ. ಲ್ಯಾಪ್‌ಟಾಪಿನದ್ದು 50 ಇದ್ದರೆ, ಖಾಲಿ ಫೋನನ್ನು ಅದರಿಂದ ತುಂಬಿಸುವಷ್ಟರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಗಿರುತ್ತದೆ. ಅದಕ್ಕೆ ಕರೆಂಟ್ ಇಲ್ಲದಾಗ ಕೇಬಲ್ ಬಳಸುವುದಾದರೆ ಫೋನ್ ಮೊದಲೇ ಪೂರ್ತಿ ಚಾರ್ಜ್ ಆಗಿರಬೇಕು. ಆಗ ಅದು ಲ್ಯಾಪ್‌ಟಾಪ್‌ನಿಂದ ಕಡಿಮೆ ಎಳೆಯುತ್ತದೆ.

ಕೇಬಲ್ ಬಳಸುವವರು ತಪ್ಪದೇ ಮಾಡಬೇಕಾದ ಕೆಲಸ ಒಂದಿದೆ. ವಿಂಡೋಸ್‌ಗೆ ಇದು ತಂತಿಯಲ್ಲಿ ಬರುವ ಮಾಮೂಲಿ ಇಂಟರ್‌ನೆಟ್ ಅಂತ ಅನಿಸುತ್ತದೆ. ಹಾಗಾಗಿ ಅಪ್‌ಡೇಟ್‌ಗಳನ್ನೂ ಒನ್‌ಡ್ರೈವ್‌ನ ಫೈಲ್‌ಗಳನ್ನೂ ಹಿಂದೆಮುಂದೆ ನೋಡದೆ ಎಳೆಯುತ್ತದೆ. ದಿನಕ್ಕೆ 1.5 ಅಥವಾ 2 ಜಿಬಿ ಪ್ಯಾಕ್ ಇದ್ದರೆ ಮಧ್ಯಾಹ್ನದೊಳಗೆ ಮುಗಿಯಿತು. ಆಮೇಲೆ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ಬ್ಯಾಂಕಿನ ಪುಟವೂ ತೆರೆಯುವುದು ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ಈಥರ್ನೆಟ್, ಅಲ್ಲಿ ‘ಮೀಟರ್ಡ್ ಕನೆಕ್ಷನ್’ (ಈ ನೆಟ್‌ಗೆ ಮಿತಿ ಇದೆ ಅಂತ ವಿಂಡೋಸ್‌ಗೆ ತಿಳಿಸುವ ಆಯ್ಕೆ) ಆನ್ ಮಾಡಿ. ಹಾಟ್‌ಸ್ಪಾಟಿಗೂ ವೈಫೈ ಪುಟದಲ್ಲಿ ಬೇರೆಯಾಗಿ ಮಾಡಬೇಕು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಬರುವುದಿಲ್ಲ. ವಿಡಿಯೊ ಮೀಟಿಂಗ್‌ಗೂ ಒಂದು ಲೆಕ್ಕ ಇಟ್ಟುಕೊಳ್ಳಿ. ಹೋಗುವುದಕ್ಕೂ ಬರುವುದಕ್ಕೂ ತಲಾ 600 ಕೆಬಿಪಿಎಸ್ ಅಂತ ಹಿಡಿದರೆ ಒಂದು ಗಂಟೆಗೆ 540 ಎಂಬಿ ಆಗುತ್ತದೆ. ಕ್ಯಾಮೆರಾ ಆಫ್ ಮಾಡಿದರೆ ಎಷ್ಟೋ ಉಳಿಯುತ್ತದೆ.

ಬ್ಲೂಟೂತ್ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನಿಧಾನ. ನಿಜ. ಲೆಕ್ಕದಲ್ಲಿ ಮೂರು ಎಂಬಿಪಿಎಸ್, ಕೈಗೆ ಸಿಗುವುದು ಎರಡರ ಆಸುಪಾಸು. ಹೊಸ ಫೋನಿನಲ್ಲಿ ಬ್ಲೂಟೂತ್ 5 ಇದ್ದರೂ ನೆಟ್ ಹಂಚುವುದು ಹಳೇ ಪದ್ಧತಿಯಲ್ಲೇ, ಹಾಗಾಗಿ ಲಾಭ ಇಲ್ಲ. ವಿಡಿಯೊಗೆ ಇದು ಬೇಡವೇ ಬೇಡ. ಆದರೂ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಟವರ್‌ನಿಂದಲೇ ಒಂದು ಒಂದೂವರೆ ಎಂಬಿಪಿಎಸ್ ಬರುವ ಜಾಗಗಳು ನಮ್ಮಲ್ಲಿ ಎಷ್ಟೋ ಇವೆ. ತೋಟದ ಕೆಳಗಿನ ಹೊಂಡದಲ್ಲಿ ಇರುವ ಕಾರ್ಮಿಕರ ಲೈನ್‌ಮನೆಗಳ ಹತ್ತಿರ, ಗೋಡೌನಿನ ಒಳಗೆ. ಅಲ್ಲಿ ಹಾಟ್‌ಸ್ಪಾಟ್ ಇಟ್ಟರೂ ಅಷ್ಟೇ ಬರುತ್ತದೆ, ಬ್ಲೂಟೂತ್ ಇಟ್ಟರೂ ಅಷ್ಟೇ ಬರುತ್ತದೆ. ಬ್ಯಾಟರಿ ಮಾತ್ರ ಬ್ಲೂಟೂತ್‌ನಲ್ಲಿ ಕಡಿಮೆ ಖರ್ಚಾಗುತ್ತದೆ. ಕಾಫಿ ಕುಯ್ಲಿನ ಸಮಯದಲ್ಲಿ ಗೋಡೌನಿನಲ್ಲಿ ಕೂತು ಲೆಕ್ಕ ಹಾಕುವಾಗ, ಮೇಲ್ ಕಳಿಸುವಾಗ ನಾನು ಇದನ್ನೇ ಬಳಸುತ್ತೇನೆ. ಫೋನ್ ಜೇಬಿನಲ್ಲೇ ಇರುತ್ತದೆ, ಬಿಸಿಯಾಗುವುದಿಲ್ಲ.

ಶುರು ಮಾಡುವುದು ಸ್ವಲ್ಪ ಗೋಜಲು. ಎರಡನ್ನೂ ಜೋಡಿಸಿಕೊಂಡು, ಫೋನಿನಲ್ಲಿ ಬ್ಲೂಟೂತ್ ಟೆದರಿಂಗ್ ಆನ್ ಮಾಡಿ, ಆಮೇಲೆ ಲ್ಯಾಪ್‌ಟಾಪಿನ ಬ್ಲೂಟೂತ್ ಪುಟದಲ್ಲಿ ಫೋನಿನ ಹೆಸರಿನ ಪಕ್ಕ ಇರುವ ಮೂರು ಚುಕ್ಕಿ ಒತ್ತಿ ಪರ್ಸನಲ್ ಏರಿಯಾ ನೆಟ್‌ವರ್ಕ್‌ಗೆ ಸೇರಬೇಕು. ಸುಮ್ನೆ ಜೋಡಿಸಿದರೆ ನೆಟ್ ಬರುವುದಿಲ್ಲ.

ಮೂರರಲ್ಲಿ ಯಾವುದು ಬಳಸಿದರೂ ಸರಿಹೋಗದ ದಿನಗಳೂ ಇವೆ. ಜೋರು ಮಳೆಯಲ್ಲಿ ಫೋನಿನ ಸಿಗ್ನಲ್ ಸರಿಯಾಗಿಯೇ ಇರುತ್ತದೆ, ನೆಟ್ ಮಾತ್ರ ತೆವಳುತ್ತದೆ. ಫೋನಿಗೂ ಟವರ್‌ಗೂ ನಡುವಿನ ಅಲೆಗಳಿಗೆ ಮಳೆಯಿಂದ ಹೆಚ್ಚು ತೊಂದರೆ ಇಲ್ಲ. ಆದರೆ ಕೆಲವು ಟವರ್‌ಗಳಿಗೆ ಫೈಬರ್ ಇರುವುದಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್ ಡಿಶ್ ಮೂಲಕ ಸಂಪರ್ಕ ಇರುತ್ತದೆ. ಆ ಅಲೆಗಳು ತುಂಬಾ ಮೇಲಿನ ಆವರ್ತನದವು. ದೊಡ್ಡ ಹನಿಯ ಮಳೆ ಅವನ್ನು ನುಂಗುತ್ತದೆ. ಅಂಥ ಹೊತ್ತಿನಲ್ಲಿ ಫೋನ್ ರೀಸ್ಟಾರ್ಟ್ ಮಾಡಿ, ಕೇಬಲ್ ಬದಲಿಸಿ ಸುಸ್ತಾಗಬೇಡಿ. ಮಳೆ ತಗ್ಗಲಿ, ಅಥವಾ ಇನ್ನೊಂದು ಸಿಮ್ ನೋಡಿ.

ಇನ್ನೊಂದು ಸಿಮ್ ಅಂದೆನಲ್ಲ, ಅದರಲ್ಲೊಂದು ತೊಡಕಿದೆ. ಇಲ್ಲಿ ಹೆಚ್ಚಿನವರ ಫೋನಿನಲ್ಲಿ ಎರಡು ಸಿಮ್ ಇರುತ್ತವೆ. ಮಡಿಕೇರಿಯಲ್ಲಿ ಒಂದು ಚೆನ್ನಾಗಿ ಸಿಗುತ್ತದೆ, ತೋಟದಲ್ಲಿ ಇನ್ನೊಂದು. ಸಾಮಾನ್ಯ ಎರಡು ಸಿಮ್ ಫೋನ್‌ನಲ್ಲಿ ಒಂದು ಸಿಮ್‌ಗೆ ಕರೆ ಬಂದು ನೀವು ಎತ್ತಿದರೆ ಇನ್ನೊಂದರ ಡೇಟಾ ನಿಂತುಬಿಡುತ್ತದೆ. ಯಾವ ದಾರಿಯಲ್ಲಿ ಹಂಚಿದ್ದರೂ ಲ್ಯಾಪ್‌ಟಾಪ್ ಕಟ್. ಕರೆಯ ಹೊತ್ತಿನಲ್ಲಿ ಡೇಟಾವನ್ನು ಆ ಸಿಮ್‌ಗೆ ಬದಲಿಸುವ ಆಯ್ಕೆ ಕೆಲವು ಫೋನ್‌ಗಳಲ್ಲಿ ಇದೆ, ಆನ್ ಮಾಡಿ. ಆದರೂ ನಡುವೆ ಒಂದು ತಡೆ ಆಗೇ ಆಗುತ್ತದೆ.

ಇದಕ್ಕೆ ನಮಗೆ ಸರಿಹೊಂದಿದ್ದು ಹಳೇ ಫೋನ್. ಮೂಲೆಯಲ್ಲಿ ಬಿದ್ದಿದ್ದ 4ಜಿ ಫೋನಿಗೆ ಡೇಟಾ ಸಿಮ್ ಹಾಕಿ ಅಟ್ಟದ ಕಿಟಕಿಯಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಇಟ್ಟಿದ್ದೇವೆ. ಅದಕ್ಕೆ ಯಾರೂ ಕರೆ ಮಾಡುವುದಿಲ್ಲ. ಜೇಬಿನ ಫೋನ್ ಹಿಡಿದು ನಾವು ಕಣಕ್ಕೆ ಹೋದರೂ ಮನೆಯ ನೆಟ್ ಹೋಗುವುದಿಲ್ಲ. ಹಳೇ ಫೋನ್ ಆರಿಸುವಾಗ ಅದು 850 ಅಥವಾ 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್ (ಕಡಿಮೆ ಆವರ್ತನದ ಅಲೆ) ಹಿಡಿಯುತ್ತದೆಯೇ ನೋಡಿ. ಕೆಳಗಿನ ಬ್ಯಾಂಡ್ ಮರಗಳ ನಡುವೆ, ಗುಡ್ಡದ ಮರೆಯಲ್ಲಿ ದೂರ ಬರುತ್ತದೆ. 2300ರದ್ದು ನೆನೆದ ಎಲೆಗಳ ನಡುವೆಯೇ ಸೋತುಹೋಗುತ್ತದೆ. ಸದಾ ಚಾರ್ಜಿಗೆ ಹಾಕಿ ಇಟ್ಟ ಹಳೇ ಬ್ಯಾಟರಿ ಉಬ್ಬುವ ಅಪಾಯ ಇದೆ. ಅದಕ್ಕೆ ನಾನು ಆಗಾಗ ಅಟ್ಟ ಹತ್ತಿ ಫೋನಿನ ಹಿಂಬದಿ ಮುಟ್ಟಿ ನೋಡುತ್ತೇನೆ, ರಾತ್ರಿ ಚಾರ್ಜರ್ ತೆಗೆದಿಡುತ್ತೇನೆ. ಮುಚ್ಚಳ ಸ್ವಲ್ಪ ಎದ್ದಂತೆ ಕಂಡರೂ ಆ ಫೋನನ್ನು ಬಳಸಬೇಡಿ.