ರಕ್ತಪಿಶಾಚಿ ಕಾದಂಬರಿ: ಸ್ಟೋಕರ್ ಮೊದಲೋ, ಕಿಂಗ್ ಮೊದಲೋ?

ಒಂದನ್ನೇ ಓದುವಷ್ಟು ಬಿಡುವಿದ್ದರೆ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ (1897) ಎತ್ತಿಕೊಳ್ಳಿ. ಸ್ಟೀಫನ್ ಕಿಂಗ್ ಅವರ ‘ಸೇಲಮ್ಸ್ ಲಾಟ್’ (1975) ಮೇಲೆ ನನಗೆ ಬಹಳ ನಿರೀಕ್ಷೆಯಿತ್ತು. ನಿರಾಸೆಯಾಯಿತು.

ಅಮೆರಿಕದ ಮೇಯ್ನ್ ರಾಜ್ಯದ ಸಣ್ಣ ಊರೊಂದನ್ನು ಕಿಂಗ್ ಮನೆಮನೆ ಹೊಕ್ಕು ತೋರಿಸುತ್ತಾರೆ: ಜಗಳ, ಗುಟ್ಟು, ಕುಡಿತ, ಚಾಡಿ ಎಲ್ಲವೂ. ಸತ್ತ ಹುಡುಗ ರಾತ್ರಿ ಕಿಟಕಿಯಾಚೆ ಬಂದು ಒಳಗೆ ಬಿಡೆಂದು ಕರೆಯುವ ಪುಟಗಳು ನಿಜಕ್ಕೂ ನಡುಕ ಹುಟ್ಟಿಸುತ್ತವೆ. ಆದರೆ ಅಷ್ಟೊಂದು ಪಾತ್ರಗಳ ನಡುವೆ ಭಯ ಚದುರಿಹೋಗುತ್ತದೆ. ಪಿಶಾಚಿ ಬಾರ್ಲೋ ತಡವಾಗಿ ಬರುತ್ತಾನೆ, ಬಂದ ಮೇಲೂ ಮಾತಿನ ಮಲ್ಲನಾಗಿಯೇ ಉಳಿಯುತ್ತಾನೆ. ಕಥಾನಾಯಕ ಬೆನ್ ಮತ್ತು ಸೂಸನ್ ಪ್ರೇಮವಂತೂ ಮನಸ್ಸಿಗೆ ತಟ್ಟಲೇ ಇಲ್ಲ.

ಸ್ಟೋಕರ್ ಡೈರಿ, ಪತ್ರ, ಪತ್ರಿಕಾ ವರದಿಗಳಲ್ಲೇ ಕತೆ ಕಟ್ಟಿದ್ದಾರೆ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಯುವ ವಕೀಲ ಜೊನಾಥನ್ ಹಾರ್ಕರ್ ರಕ್ತಪಿಶಾಚಿ ಕೌಂಟ್ ಡ್ರಾಕುಲಾನ ಕೋಟೆಯಲ್ಲಿ ಸೆರೆಯಾಗುವುದನ್ನು ಅವನ ಡೈರಿಯಲ್ಲೇ ಓದುತ್ತೇವೆ. ಕೌಂಟ್ ಎಂಥವನೆಂದು ಆಗಲೇ ಗೊತ್ತಾಗಿರುವುದರಿಂದ, ಮುಂದೆ ಅವನು ಕಾಣದಿದ್ದಾಗಲೂ ಎದೆ ಹೊಡೆದುಕೊಳ್ಳುತ್ತದೆ. ಪಿಶಾಚಿಯ ಬೆನ್ನಟ್ಟುವ ವೈದ್ಯ ವ್ಯಾನ್ ಹೆಲ್ಸಿಂಗ್‌ನ ಉದ್ದುದ್ದ ಮಾತು ಬೇಸರ ತರಿಸೀತು, ಸಹಿಸಿಕೊಳ್ಳಿ.

ಹಳೆಯ ಇಂಗ್ಲಿಷ್ ಕಷ್ಟವೆನಿಸಿದರೆ ಕಿಂಗ್ ಸರಿ. ಆದರೂ, ಡ್ರಾಕುಲಾ ಇಪ್ಪತ್ತನೇ ಶತಮಾನದ ಅಮೆರಿಕಕ್ಕೆ ಬಂದರೆ ಏನಾದೀತು ಎಂಬ ಯೋಚನೆಯಿಂದಲೇ ಅವರ ಕತೆ ಹುಟ್ಟಿದ್ದು. ಹಾಗಾಗಿ ಸ್ಟೋಕರ್ ನಂತರ ಓದಿದರೆ ಸ್ವಾರಸ್ಯ ಹೆಚ್ಚು.