ಸಿಂಕ್ರೊನೈಜ್ಡ್ ಸಾಕಾ, ರೀಎಂಟ್ರಂಟ್‌ಲಾಕ್ ಬೇಕಾ?

ಧಾರವಾಡದ ಒಂದು ಪೇಡೆ ಅಂಗಡಿಗೆ ಜಾವಾದಲ್ಲಿ ಬಿಲ್ಲಿಂಗ್ ಬರೆದಿದ್ದೆ. ಸ್ಟಾಕಿನಲ್ಲಿ ಉಳಿದದ್ದು 1 ಡಬ್ಬಿ. ಎರಡು ಕೌಂಟರಿನ ಥ್ರೆಡ್‌ಗಳೂ (ಪ್ರೋಗ್ರಾಮಿನೊಳಗೆ ಒಟ್ಟಿಗೇ ಓಡುವ ಕೆಲಸದ ಎಳೆಗಳು) ಒಂದೇ ಹೊತ್ತಿಗೆ ನೋಡಿದವು, ಎರಡೂ "ಇದೆ" ಅಂದವು. ಬಿಲ್ ಎರಡು, ಡಬ್ಬಿ ಒಂದೇ! ಸ್ಟಾಕ್ ನೋಡುವುದು, ಕಳೆಯುವುದು ಎರಡೂ ಒಂದೇ ಲಾಕಿನ ಒಳಗೆ ಆಗಬೇಕಿತ್ತು. ಲಾಕ್ ಅಂದರೆ ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಬೀಗ.

ಇಷ್ಟಕ್ಕೆ ಸಿಂಕ್ರೊನೈಜ್ಡ್ (ಕೋಡಿನ ಒಂದು ಬ್ಲಾಕಿಗೆ ಲಾಕ್ ಹಾಕುವ ಜಾವಾ ಪದ) ಸಾಕು. ಜಾವಾದ ಪ್ರತಿ ಆಬ್ಜೆಕ್ಟಿಗೂ ತನ್ನದೇ ಲಾಕ್ ಇರುತ್ತದೆ. ಬ್ಲಾಕ್ ಮುಗಿದ ಕೂಡಲೇ, ನಡುವೆ ಎಕ್ಸೆಪ್ಶನ್ (ಓಡುವಾಗಿನ ದೋಷ) ಬಂದರೂ, ಆ ಲಾಕ್ ತಾನಾಗಿಯೇ ಬಿಟ್ಟುಹೋಗುತ್ತದೆ. ಆದರೆ ಕಾಯುತ್ತಿರುವ ಥ್ರೆಡ್ ನಡುವೆ ಎದ್ದು ಹೋಗುವಂತಿಲ್ಲ.

2004ರಲ್ಲಿ ಜಾವಾ 5ರ ಜೊತೆ ಬಂದ ರೀಎಂಟ್ರಂಟ್‌ಲಾಕ್‌ನಲ್ಲಿ ಅದು ಆಗುತ್ತದೆ. ಲಾಕ್ ಸಿಗುತ್ತದಾ ಅಂತ ಕೇಳಿ ನೋಡುವ ಟ್ರೈಲಾಕ್‌ಗೆ 2 ಸೆಕೆಂಡ್ ಕೊಡಿ, ಸಿಗದಿದ್ದರೆ ಬೇರೆ ಕೆಲಸ ನೋಡಲಿ. ಸರದಿ ಪ್ರಕಾರ ಕೊಡು ಅಂತಲೂ ಹೇಳಬಹುದು, ವೇಗ ಮಾತ್ರ ತಗ್ಗುತ್ತದೆ. ಇಲ್ಲಿ ಲಾಕ್ ತಾನಾಗಿ ಬಿಡುವುದಿಲ್ಲ, ಅದನ್ನು ಬಿಡುವ ಅನ್‌ಲಾಕ್ ಅನ್ನು ಫೈನಲಿ (ದೋಷ ಬಂದರೂ ಓಡುವ ಭಾಗ) ಒಳಗೇ ಬರೆಯಿರಿ. ಮರೆತರೆ ಉಳಿದ ಥ್ರೆಡ್‌ಗಳೆಲ್ಲ ಕಾಯುತ್ತಲೇ ಇರಬೇಕಾಗುತ್ತದೆ, ಅಲ್ವಾ?

ಹೊಸಬರಾದರೆ ಸಿಂಕ್ರೊನೈಜ್ಡ್‌ನಿಂದಲೇ ಶುರು ಮಾಡಿ. ಟೈಮ್‌ಔಟ್ ಬೇಕಾದಾಗ ಇನ್ನೊಂದಕ್ಕೆ ಹೋಗಿ. ಯಾವುದೇ ಆಗಲಿ, ಎಲ್ಲ ಥ್ರೆಡ್‌ಗಳಿಗೂ ಲಾಕ್ ಒಂದೇ ಇರಬೇಕು. ನಾನು ಮೊದಲು ಕೌಂಟರಿಗೊಂದು ಹೊಸ ಆಬ್ಜೆಕ್ಟ್ ಮಾಡಿ ಲಾಕ್ ಹಾಕಿದ್ದೆ. ಮತ್ತೆ ಅದೇ ಎರಡು ಬಿಲ್ ಬಂದವು.